ಸುಂಕದವನ ಮುಂದೆ ಸುಖದುಃಖ

(ಸಂಘದ ಉಪನ್ಯಾಸಮಾಲೆಯಲ್ಲಿ ನೀಡಿದ ಭಾಷಣದ ಲೇಖನರೂಪ)



ವೈದ್ಯನೊಬ್ಬ ಸುಂಕದ ಕಾನೂನಿನ ಚರಿತ್ರೆಯನ್ನು ಕುರಿತು ಮಾತನಾಡಲು ನಿಂತಿರುವುದು ನಿಮಗೆ ವಿಚಿತ್ರವಾಗಿ ತೋರಬಹುದು. ನನಗೂ ಹಾಗೆಯೇ ತೋರುತ್ತಿದೆ. ಇದಕ್ಕೆಲ್ಲ ಕಾರಣ ಒಂದು ಪೆಟ್ಟಿಗೆ. ನಮ್ಮ ಸಂಘದ ಮಕ್ಕಳ ಯಕ್ಷಗಾನ ತಂಡಕ್ಕಾಗಿ ಉಡುಪಿಯ ಕಡೆಯ ಕುಶಲಕರ್ಮಿಯೊಬ್ಬರಿಂದ ಕಿರೀಟ, ಭುಜಕೀರ್ತಿ, ಎದೆಕಟ್ಟು ಮೊದಲಾದವನ್ನು ಮಾಡಿಸಿ ಹಡಗಿನಲ್ಲಿ ತರಿಸಿದ ಸಂಗತಿ ನಿಮಗೆ ತಿಳಿದೇ ಇದೆ. ಅದಕ್ಕೆ ವಂತಿಗೆ ಕೊಟ್ಟವರೂ ನೀವೇ. ಹಗುರವಾದ ಮರವನ್ನು ಕೆತ್ತಿ, ಬೇಗಡೆ ಹಚ್ಚಿ, ಕನ್ನಡಿಯ ಚೂರುಗಳನ್ನು ಕೂರಿಸಿ ಮಾಡಿದ ಸೊಗಸಾದ ಕೆಲಸ ಅದು. ಸರಕಿನ ಪಟ್ಟಿಯಲ್ಲಿ ಅವುಗಳ ವಿವರವನ್ನು ಇಂಗ್ಲಿಷಿಗೆ ಇಳಿಸಿದವನು ನಾನು. ಮೇಳದವರು ಇವನ್ನೆಲ್ಲ ಒಟ್ಟಾಗಿ ‘ಆಭರಣ’ ಎನ್ನುತ್ತಾರೆ. ನಾನೂ ನಿಘಂಟಿನ ಪ್ರಕಾರ ‘ಆರ್ನಮೆಂಟ್ಸ್’ ಎಂದು ಬರೆದೆ. ಬಂದರಿನಲ್ಲಿ ನಮ್ಮ ಪರವಾಗಿ ಕಾಗದಪತ್ರ ಸಲ್ಲಿಸಿದ ದಲ್ಲಾಳಿಗಳು ಆ ಒಂದು ಪದವನ್ನು ನೋಡಿ ಇಡೀ ಪೆಟ್ಟಿಗೆಯನ್ನು ‘ಕೃತಕ ಒಡವೆ’ ಎಂಬ ಶೀರ್ಷಿಕೆಗೆ ಸೇರಿಸಿಬಿಟ್ಟರು. ನಾವು ಅಂದಾಜು ಮಾಡಿದ್ದಕ್ಕಿಂತ ಬಹಳ ಹೆಚ್ಚಿನ ಸುಂಕ ಬಿತ್ತು. ನಮ್ಮ ಕೋಶಾಧ್ಯಕ್ಷರು ಸದ್ದಿಲ್ಲದೆ ಹಣ ಕಟ್ಟಿ, ರಸೀದಿಯನ್ನು ನನ್ನ ಕೈಗಿತ್ತು, “ಡಾಕ್ಟರೆ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಪ್ರಯೋಜನ?” ಎಂದರು.

ಆ ಗಾದೆಯೇ ನನ್ನನ್ನು ಗ್ರಂಥಾಲಯಕ್ಕೆ ಕಳುಹಿಸಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲವೆಂದು ನಮ್ಮ ಹಿರಿಯರು ಕಂಡುಕೊಂಡದ್ದು ಸುಮ್ಮನೆ ಅಲ್ಲ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ನಮ್ಮ ಶಾಸನಗಳಲ್ಲಿ ಸುಂಕಕ್ಕೆ ಎಷ್ಟೊಂದು ಹೆಸರುಗಳಿವೆ! ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವ್ ನೂನಿಜ್ ಒಂದು ಹೆಬ್ಬಾಗಿಲಿನ ವಿಷಯವನ್ನು ದಾಖಲಿಸಿದ್ದಾನೆ. ಆ ಬಾಗಿಲನ್ನು ವರ್ಷಕ್ಕೆ 12,000 ಪರ್ದಾವ್ ಹೊನ್ನಿಗೆ ಗುತ್ತಿಗೆ ಕೊಡಲಾಗಿತ್ತು. ಗುತ್ತಿಗೆದಾರರು ಕೇಳಿದಷ್ಟನ್ನು ಕೊಡದೆ ಹಳ್ಳಿಯವನಾಗಲಿ ಪರದೇಶಿಯಾಗಲಿ ಒಳಗೆ ಕಾಲಿಡುವಂತಿರಲಿಲ್ಲ. ಬಾಗಿಲನ್ನು ಗುತ್ತಿಗೆ ಹಿಡಿದವನು ಅರಸನಿಗೆ ಮೊತ್ತವನ್ನು ಮೊದಲೇ ಒಪ್ಪಿಕೊಂಡಿರುತ್ತಾನೆ. ಅವನಿಗೆ ನಿಮ್ಮ ಎತ್ತು ಸತ್ತ ಕಥೆಯಾಗಲಿ ಬೆಳೆ ಹೋದ ಕಥೆಯಾಗಲಿ ಬೇಕಿಲ್ಲ. ಗಾದೆ ಹುಟ್ಟುವುದು ಇಂಥ ಬಾಗಿಲಲ್ಲಿಯೇ.

ನಾವು ನೆಲೆಸಿರುವ ಈ ಅಮೆರಿಕದ ಸುಂಕದವನೂ ಆರಂಭದಲ್ಲಿ ಅಷ್ಟೇನೂ ಬೇರೆ ಬಗೆಯವನಾಗಿರಲಿಲ್ಲ. 1913ರಲ್ಲಿ ಆದಾಯ ತೆರಿಗೆ ನೆಲೆಗೊಳ್ಳುವ ಮೊದಲು, ಅಂತರ್ಯುದ್ಧದವರೆಗಂತೂ, ಕೇಂದ್ರ ಸರಕಾರದ ವರಮಾನದ ಬಹುಭಾಗ ಬಂದರುಗಳ ಸುಂಕದಿಂದಲೇ ಬರುತ್ತಿತ್ತು. ಬಂದರುಗಳಲ್ಲಿ ನ್ಯೂಯಾರ್ಕಿನದೇ ಸಿಂಹಪಾಲು. ಆದುದರಿಂದ ನ್ಯೂಯಾರ್ಕಿನ ಸುಂಕಾಧಿಕಾರಿಯ ಹುದ್ದೆ ಸಣ್ಣದಾಗಿರಲಿಲ್ಲ. ಆದರೂ ಇಲ್ಲಿ ಒಂದು ವ್ಯತ್ಯಾಸವಿತ್ತು. ಇಂಗ್ಲೆಂಡಿನಿಂದ ಬಂದ ಹಳೆಯ ನ್ಯಾಯಪದ್ಧತಿಯಲ್ಲಿ ಸರಕಾರದ ಮೇಲೆ ದಾವೆ ಹೂಡಲಾಗದಿದ್ದರೂ, ಸುಂಕ ವಸೂಲಿ ಮಾಡಿದ ಮನುಷ್ಯನ ಮೇಲೆ, ಅವನ ವೈಯಕ್ತಿಕ ಹೆಸರಿನಲ್ಲಿ, ದಾವೆ ಹೂಡಬಹುದಾಗಿತ್ತು. ಅನ್ಯಾಯವಾಗಿ ಕಿತ್ತುಕೊಂಡ ಹಣವನ್ನು ಹಿಂದಿರುಗಿಸು ಎಂದು ಕೇಳುವ ದಾವೆ.

1836ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದದ್ದು ಅಂಥದೇ ಒಂದು ಮೊಕದ್ದಮೆ. ಎಲಿಯಟ್ ಎಂಬ ವರ್ತಕ ಹತ್ತಿಯ ಅಂಚು ಹಚ್ಚಿದ ‘ವರ್ಸ್ಟೆಡ್’ ಶಾಲುಗಳನ್ನು ತರಿಸಿದ್ದ. ನ್ಯೂಯಾರ್ಕಿನ ಸುಂಕಾಧಿಕಾರಿ ಸ್ಯಾಮ್ಯುಯೆಲ್ ಸ್ವಾರ್ಟ್‌ವೌಟ್ ಅವನ್ನು ಉಣ್ಣೆಯ ಬಟ್ಟೆಯೆಂದು ಪರಿಗಣಿಸಿ ಹೆಚ್ಚಿನ ಸುಂಕ ವಿಧಿಸಿದ. ವರ್ಸ್ಟೆಡ್ ಎಂಬುದು ಕುರಿಯ ತುಪ್ಪಟದಿಂದಲೇ ಆದದ್ದು, ಸಂದೇಹವಿಲ್ಲ. ಆದರೆ ವ್ಯಾಪಾರದಲ್ಲಿ ಅದು ಬೇರೆಯದೇ ಸರಕು, ಸುಂಕದ ಕಾಯಿದೆ ಮಾತನಾಡುವುದು ವರ್ತಕರ ಭಾಷೆಯನ್ನು, ಎಂದು ನ್ಯಾಯಾಲಯ ತೀರ್ಪಿತ್ತಿತು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿತು. ಬಾಯಿ ಮುಚ್ಚಿಕೊಂಡು ಸುಂಕ ಕಟ್ಟಿದವನಿಗೆ ಹಣ ಹಿಂದಿರುಗುವುದಿಲ್ಲ. ಕಟ್ಟುವಾಗಲೇ ‘ಇದು ನನಗೆ ಒಪ್ಪಿಗೆಯಿಲ್ಲ’ ಎಂದು ಆಕ್ಷೇಪಣೆ ಹೇಳಿ ಕಟ್ಟಿದವನಿಗೆ ಮಾತ್ರ ದಾವೆಯ ಹಕ್ಕು ಉಂಟು. ಇಂಗ್ಲಿಷಿನಲ್ಲಿ ‘ಪ್ರೊಟೆಸ್ಟ್’ ಎಂದು ಕರೆಯುವ ಈ ಆಕ್ಷೇಪಣೆಯನ್ನು ದಯವಿಟ್ಟು ನೆನಪಿನಲ್ಲಿಡಿ. ಕೊನೆಯಲ್ಲಿ ಇದಕ್ಕೇ ಹಿಂದಿರುಗುತ್ತೇನೆ.

ಮುಂದಿನ ಪ್ರಸಂಗ ಸ್ವಾರಸ್ಯವಾಗಿದೆ. ತನ್ನ ಮೇಲೆಯೇ ದಾವೆ ಬೀಳುವುದರಿಂದ ಸುಂಕಾಧಿಕಾರಿಯು ವಿವಾದದಲ್ಲಿರುವ ಹಣವನ್ನು ಖಜಾನೆಗೆ ಕಳುಹಿಸದೆ ತನ್ನ ಬಳಿಯೇ ಇಟ್ಟುಕೊಳ್ಳುವುದು ರೂಢಿಯಾಗಿತ್ತು. ಇಂಥ ರೂಢಿ ಸ್ವಾರ್ಟ್‌ವೌಟ್ ಮಹಾಶಯನಿಗೆ ಎಷ್ಟು ಅನುಕೂಲವಾಯಿತೆಂಬುದನ್ನು ಊಹಿಸಿಕೊಳ್ಳಿ. 1838ರಲ್ಲಿ ಆತ ಹುದ್ದೆಯಿಂದ ಇಳಿದು ಯೂರೋಪಿಗೆ ಹಡಗು ಹತ್ತಿದ. ಹಿಂದೆ ಉಳಿದ ಲೆಕ್ಕದ ಪುಸ್ತಕಗಳನ್ನು ತೆರೆದು ನೋಡಿದಾಗ 12 ಲಕ್ಷ ಡಾಲರುಗಳಿಗೂ ಮಿಕ್ಕಿ ಹಣ ಕಾಣೆಯಾಗಿತ್ತು. ಬೆಚ್ಚಿಬಿದ್ದ ಕಾಂಗ್ರೆಸ್ಸು 1839ರಲ್ಲಿ, ವಿವಾದವಿರಲಿ ಬಿಡಲಿ, ವಸೂಲಾದ ಹಣವೆಲ್ಲ ನೇರವಾಗಿ ಖಜಾನೆಗೆ ಹೋಗಬೇಕೆಂದು ಕಾಯಿದೆ ಮಾಡಿತು. ರೋಗಕ್ಕಿಂತ ಔಷಧಿಯೇ ಹೆಚ್ಚು ಬಾಧಿಸಿದ ಪ್ರಸಂಗವಿದು. ಹೇಗೆಂದರೆ, 1845ರಲ್ಲಿ ಕೇರಿ ಎಂಬಾತ ನ್ಯೂಯಾರ್ಕಿನ ಅಂದಿನ ಸುಂಕಾಧಿಕಾರಿ ಕರ್ಟಿಸ್‌ನ ಮೇಲೆ ಹೂಡಿದ ಮೊಕದ್ದಮೆಯಲ್ಲಿ, ಹಣವೇ ಅಧಿಕಾರಿಯ ಕೈಯಲ್ಲಿ ಇಲ್ಲವಾದ ಮೇಲೆ ಅವನ ಮೇಲೆ ದಾವೆಯೂ ನಿಲ್ಲದು ಎಂದು ಸರ್ವೋಚ್ಚ ನ್ಯಾಯಾಲಯದ ಬಹುಮತ ಹೇಳಿತು. ಕಳ್ಳನೊಬ್ಬನ ದೆಸೆಯಿಂದ ವರ್ತಕರೆಲ್ಲರ ಬಾಯಿಗೂ ಬೀಗ ಬಿದ್ದಿತು. ನ್ಯಾಯಮೂರ್ತಿ ಸ್ಟೋರಿ ಅವರು ಇದನ್ನು ಬಲವಾಗಿ ವಿರೋಧಿಸಿ ಭಿನ್ನಮತ ಬರೆದರು. ಸಂತೋಷದ ಸಂಗತಿಯೆಂದರೆ ಆ ಬೀಗ ಬಹುಕಾಲ ಉಳಿಯಲಿಲ್ಲ. ಅದೇ ವರ್ಷ ಫೆಬ್ರವರಿ 26ರಂದು ಕಾಂಗ್ರೆಸ್ಸು ಮತ್ತೊಂದು ಕಾಯಿದೆ ಮಾಡಿ, ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಿ ಸುಂಕ ಕಟ್ಟಿದವನಿಗೆ ದಾವೆಯ ಹಕ್ಕನ್ನು ಹಿಂದಿರುಗಿಸಿತು.

ಬಾಯಿ ಬಂದರೂ ಭಯ ಹೋಗಿರಲಿಲ್ಲ. ಅದಕ್ಕೆ ಕಾರಣ ಸುಂಕದ ಅಧಿಕಾರಿಗಳ ಸಂಪಾದನೆಯ ಕ್ರಮ. ವರ್ತಕನು ಬೆಲೆ ಮರೆಮಾಚಿದನೆಂದು ಹಿಡಿದರೆ ವಸೂಲಾದ ದಂಡದಲ್ಲಿ ಅರ್ಧ ಸರಕಾರಕ್ಕೆ, ಉಳಿದರ್ಧದಲ್ಲಿ ಗುಟ್ಟು ಹೇಳಿದವನಿಗೂ ಬಂದರಿನ ಮೇಲಧಿಕಾರಿಗಳಿಗೂ ಪಾಲು. 1870ರ ದಶಕದ ಆರಂಭದಲ್ಲಿ ಫೆಲ್ಪ್ಸ್ ಡಾಜ್ ಎಂಬ ಲೋಹವ್ಯಾಪಾರದ ದೊಡ್ಡ ಸಂಸ್ಥೆಯ ಲೆಕ್ಕದ ಪುಸ್ತಕಗಳನ್ನು ಅಧಿಕಾರಿಗಳು ವಶಪಡಿಸಿಕೊಂಡರು. ಸರಕಾರಕ್ಕೆ ನಿಜವಾಗಿ ತಪ್ಪಿಹೋದ ಸುಂಕ ಸುಮಾರು 1,600 ಡಾಲರು. ಆದರೆ ಕಾಯಿದೆಯ ಪ್ರಕಾರ ಸರಕಿನ ಇಡೀ ಮೌಲ್ಯವನ್ನೇ ಮುಟ್ಟುಗೋಲು ಹಾಕಿಕೊಳ್ಳಬಹುದೆಂಬ ಬೆದರಿಕೆಗೆ ಮಣಿದು ಆ ಸಂಸ್ಥೆ 2,71,017 ಡಾಲರುಗಳನ್ನು ತೆತ್ತು ರಾಜಿ ಮಾಡಿಕೊಂಡಿತು. ಆ ದಂಡದ ಹಣದಲ್ಲಿ ಪಾಲು ಪಡೆದವರಲ್ಲಿ ನ್ಯೂಯಾರ್ಕಿನ ಸುಂಕಾಧಿಕಾರಿಯೂ ಒಬ್ಬ. ಆತನ ಹೆಸರು ಚೆಸ್ಟರ್ ಆರ್ಥರ್. ಇಂಥ ಪಾಲುಗಳೂ ಸೇರಿ ಆತನ ವಾರ್ಷಿಕ ಸಂಪಾದನೆ 50,000 ಡಾಲರುಗಳಷ್ಟಾಗುತ್ತಿತ್ತು. ನಾವು ವೈದ್ಯರಿಗೆ ಈ ಕಥೆಯಲ್ಲಿ ಕಲಿಯಬೇಕಾದ್ದು ಇದೆ. ರೋಗವನ್ನು ಎಷ್ಟು ದೊಡ್ಡದೆಂದು ಹೇಳಿದರೆ ಅಷ್ಟು ಶುಲ್ಕ ಎಂಬ ಏರ್ಪಾಡಿನಲ್ಲಿ ರೋಗನಿರ್ಣಯ ಎತ್ತ ವಾಲುತ್ತದೆಂಬುದು ನನ್ನ ಸಹೋದ್ಯೋಗಿಗಳಿಗೆ ತಿಳಿಯದ ವಿಷಯವಲ್ಲ.

ಸಾರ್ವಜನಿಕರ ಕೂಗಿಗೆ ಓಗೊಟ್ಟು 1874ರ ಜೂನ್ 22ರ ಕಾಯಿದೆ ಅಧಿಕಾರಿಗಳ ಈ ಪಾಲುಗಾರಿಕೆಯನ್ನು ತೆಗೆದುಹಾಕಿತು. ಆರ್ಥರನ ಸಂಪಾದನೆ ವರ್ಷಕ್ಕೆ 12,000 ಡಾಲರುಗಳ ಸಂಬಳಕ್ಕೆ ಇಳಿಯಿತು. ಆದರೆ ಅದೇ ಕಾಯಿದೆಯ ಐದನೆಯ ಪ್ರಕರಣದಲ್ಲಿ, ವರ್ತಕನು ತನ್ನ ಖಾಸಗಿ ಕಾಗದಪತ್ರಗಳನ್ನು ತಾನೇ ತಂದೊಪ್ಪಿಸಬೇಕು, ಇಲ್ಲವಾದರೆ ಆಪಾದನೆಯನ್ನು ಒಪ್ಪಿಕೊಂಡಂತೆ, ಎಂಬ ನಿಯಮ ಉಳಿದಿತ್ತು. ಹನ್ನೆರಡು ವರ್ಷಗಳ ತರುವಾಯ, 1886ರಲ್ಲಿ, 35 ಪೆಟ್ಟಿಗೆ ಗಾಜಿನ ಹಲಗೆಗಳ ಸುಂಕದ ವಿಷಯದಲ್ಲಿ ಬಾಯ್ಡ್ ಎಂಬುವರ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಿತು. ಮನೆಯ ಬಾಗಿಲು ಒಡೆಯುವುದು ಮಾತ್ರವೇ ಅಕ್ರಮ ಶೋಧನೆಯಲ್ಲ, ಒಬ್ಬನ ಕಾಗದಗಳನ್ನು ಅವನ ವಿರುದ್ಧವೇ ಸಾಕ್ಷಿ ಹೇಳುವಂತೆ ಬಲವಂತ ಮಾಡುವುದೂ ಅಂಥದೇ, ಎಂದು ನ್ಯಾಯಾಲಯ ಆ ಪ್ರಕರಣವನ್ನು ಅಸಿಂಧುಗೊಳಿಸಿತು. ನಾಗರಿಕ ಹಕ್ಕುಗಳ ಗ್ರಂಥಗಳಲ್ಲಿ ದೊಡ್ಡ ಸ್ಥಾನ ಪಡೆದಿರುವ ಈ ತೀರ್ಪು ಹುಟ್ಟಿದ್ದು ಸುಂಕದ ಕಟ್ಟೆಯಲ್ಲಿ ಎಂಬುದನ್ನು ಓದಿದಾಗ ನನಗೆ ಬೆರಗಾಯಿತು. ಮುಂದಿನ ಕಾಲದ ನ್ಯಾಯಾಲಯಗಳು ಇದರ ವ್ಯಾಪ್ತಿಯನ್ನು ಬಹಳ ಮಟ್ಟಿಗೆ ಕಿರಿದುಗೊಳಿಸಿದವು, ಅದು ಬೇರೆ ಮಾತು.

ಚೆಸ್ಟರ್ ಆರ್ಥರನನ್ನು ನಾವಿನ್ನೂ ಬಿಡುವಂತಿಲ್ಲ. ಸುಂಕದ ಮನೆಯಿಂದ 1878ರಲ್ಲಿ ಹೊರಬಿದ್ದ ಆತ 1881ರಲ್ಲಿ, ಅಧ್ಯಕ್ಷ ಗಾರ್‌ಫೀಲ್ಡರ ಹತ್ಯೆಯ ನಂತರ, ಈ ದೇಶದ ಅಧ್ಯಕ್ಷನೇ ಆದ. 1883ರ ಮಾರ್ಚ್ 3ರ ಸುಂಕದ ಕಾಯಿದೆಗೆ ಸಹಿ ಹಾಕಿದವನು ಆತನೇ. ಆ ಕಾಯಿದೆಯಲ್ಲಿ ತರಕಾರಿಗಳಿಗೆ ಶೇಕಡಾ 10ರಷ್ಟು ಸುಂಕ, ಹಣ್ಣುಗಳಿಗೆ ಸುಂಕವಿಲ್ಲ. 1886ರ ವಸಂತದಲ್ಲಿ ನಿಕ್ಸ್ ಎಂಬ ಕುಟುಂಬದವರು ವೆಸ್ಟ್ ಇಂಡೀಸಿನಿಂದ ಟೊಮೇಟೊ ತರಿಸಿದರು. ಅಧಿಕಾರಿ ಹೆಡೆನ್ ಸುಂಕ ಕೇಳಿದ. ಆಕ್ಷೇಪಣೆಯೊಡನೆ ಹಣ ಕಟ್ಟಿದ ನಿಕ್ಸ್ 1887ರಲ್ಲಿ ದಾವೆ ಹೂಡಿದ.

ಸಸ್ಯಶಾಸ್ತ್ರ ಓದಿದವರೆಲ್ಲ ನಿಕ್ಸ್‌ನ ಪಕ್ಷವನ್ನೇ ಹಿಡಿಯಬೇಕು. ಹೂವಿನ ಅಂಡಾಶಯ ಬಲಿತು ಬೀಜವನ್ನೊಳಗೊಂಡದ್ದು ಹಣ್ಣು. ಟೊಮೇಟೊ ನಿಸ್ಸಂಶಯವಾಗಿ ಹಣ್ಣು. ವಿಚಾರಣೆಯಲ್ಲಿ ನಿಕ್ಸ್‌ನ ವಕೀಲರು ನಿಘಂಟುಗಳನ್ನು ತೆಗೆದು ‘ಹಣ್ಣು’, ‘ತರಕಾರಿ’, ‘ಟೊಮೇಟೊ’ ಎಂಬ ಪದಗಳ ಅರ್ಥವನ್ನು ಓದಿದರು. ಎದುರು ಪಕ್ಷದವರು ಬಟಾಣಿ, ಬದನೆ, ಸೌತೆ, ಕುಂಬಳಗಳ ಅರ್ಥವನ್ನು ಓದಿದರು. ಮತ್ತೆ ನಿಕ್ಸ್‌ನ ಕಡೆಯವರು ಎದ್ದು ಆಲೂಗಡ್ಡೆ, ಕೋಸು, ಗಜ್ಜರಿಗಳನ್ನು ಓದಿದರು. ನ್ಯಾಯಸ್ಥಾನದಲ್ಲಿ ಇಡೀ ಸಂತೆಯನ್ನು ಓದಿ ಮುಗಿಸಿದಂತಾಯಿತು. ಸಾಕ್ಷಿಗಳಾಗಿ ಬಂದವರು ಇಬ್ಬರೇ, ಹಣ್ಣು ತರಕಾರಿ ವ್ಯಾಪಾರದಲ್ಲಿ ಮೂವತ್ತು ವರ್ಷ ಕಳೆದವರು. ಈ ಪದಗಳಿಗೆ ವ್ಯಾಪಾರದಲ್ಲಿ ನಿಘಂಟಿಗಿಂತ ಬೇರೆಯಾದ ಅರ್ಥವೇನೂ ಇಲ್ಲವೆಂದು ಅವರು ಹೇಳಿದರು. 1893ರ ಮೇ 10ರಂದು ನ್ಯಾಯಮೂರ್ತಿ ಹೊರೇಸ್ ಗ್ರೇ ಸರ್ವಾನುಮತದ ತೀರ್ಪನ್ನು ಓದಿದರು: ಸಸ್ಯಶಾಸ್ತ್ರಕ್ಕೆ ಅದು ಹಣ್ಣಾದರೂ ಜನರ ಮಾತಿನಲ್ಲಿ ಟೊಮೇಟೊ ತರಕಾರಿಯೇ, ಏಕೆಂದರೆ ಅದು ಊಟದೊಡನೆ ಬರುತ್ತದೆ, ಊಟದ ಕೊನೆಯ ಸಿಹಿಯಾಗಿ ಅಲ್ಲ.

ನಿಕ್ಸ್ ಸೋತ. ಆದರೆ ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಅವನ ಸೋಲಲ್ಲ. ಶೇಕಡಾ ಹತ್ತರ ಸುಂಕಕ್ಕಾಗಿ ಒಬ್ಬ ತರಕಾರಿ ವರ್ತಕ ಏಳು ವರ್ಷ ಕಾದು ದೇಶದ ಅತ್ಯುನ್ನತ ನ್ಯಾಯಪೀಠದ ಮುಂದೆ ತನ್ನ ಸುಖದುಃಖವನ್ನು ಹೇಳಿಕೊಂಡ, ಮತ್ತು ಅವರು ಕುಳಿತು ಕೇಳಿದರು. ಗಾದೆಯ ಸುಂಕದವನಿಗೂ ಈ ಪೀಠಕ್ಕೂ ನಡುವೆ ಅಂತರವಿದೆಯಲ್ಲವೆ?

ಏಳು ವರ್ಷ ಕಾಯುವುದು ಎಲ್ಲರಿಗೂ ಸಾಧ್ಯವಿಲ್ಲ. ನಿಕ್ಸ್‌ನ ದಾವೆ ಇನ್ನೂ ನಡೆಯುತ್ತಿದ್ದಾಗಲೇ, 1890ರಲ್ಲಿ, ಅಧಿಕಾರಿಯ ಮೇಲೆ ದಾವೆ ಹೂಡುವ ಹಳೆಯ ಪದ್ಧತಿಯನ್ನು ಕೊನೆಗಾಣಿಸಿ, ಸುಂಕದ ತಕರಾರುಗಳನ್ನು ಕೇಳಲೆಂದೇ ಒಂಬತ್ತು ಸದಸ್ಯರ ಮಂಡಲಿಯೊಂದನ್ನು ಸ್ಥಾಪಿಸಲಾಯಿತು. ಅದರ ಮೇಲೆ ಮೇಲ್ಮನವಿಯ ನ್ಯಾಯಾಲಯ 1909ರಲ್ಲಿ ಬಂದಿತು. ಮಂಡಲಿಯೇ 1926ರಲ್ಲಿ ಸುಂಕ ನ್ಯಾಯಾಲಯವಾಯಿತು, 1980ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯವೆಂಬ ಹೆಸರು ಪಡೆಯಿತು. ಅದರ ಕಟ್ಟಡ ನ್ಯೂಯಾರ್ಕ್ ನಗರದ ಕೆಳಭಾಗದಲ್ಲಿದೆ. ನಮ್ಮ ಭಾರತದಲ್ಲಿ 1878ರ ಸಮುದ್ರ ಸುಂಕ ಕಾಯಿದೆಯ ಸ್ಥಾನಕ್ಕೆ 1962ರಲ್ಲಿ ಹೊಸ ಕಾಯಿದೆ ಬಂದರೂ, ಇಲಾಖೆಯಿಂದ ಹೊರಗಿನ ಪ್ರತ್ಯೇಕ ಮೇಲ್ಮನವಿ ನ್ಯಾಯಮಂಡಲಿ ಕಾರ್ಯಾರಂಭ ಮಾಡಿದ್ದು 1982ರಲ್ಲಿ.

1930ರ ಸ್ಮೂಟ್-ಹಾಲಿ ಕಾಯಿದೆಯ ಎತ್ತರದ ಸುಂಕಗಳು, 1934ರಿಂದ ಅವನ್ನು ಇಳಿಸತೊಡಗಿದ ಪರಸ್ಪರ ಒಪ್ಪಂದಗಳು, 1947ರಲ್ಲಿ ಭಾರತವೂ ಸೇರಿ 23 ದೇಶಗಳು ಸಹಿ ಹಾಕಿದ ಗ್ಯಾಟ್ ಒಪ್ಪಂದ, 1995ರ ವಿಶ್ವ ವ್ಯಾಪಾರ ಸಂಸ್ಥೆ, ಇವುಗಳ ಕಥೆ ನಿಮಗೆ ತಿಳಿದಿರುವಂಥದೇ. ನನ್ನ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು 1988ರ ಜನವರಿ 1ರಂದು ಜಾರಿಗೆ ಬಂದ ಸಮನ್ವಯ ಪಟ್ಟಿ. ಲೋಕದಲ್ಲಿರುವ ಸರಕುಗಳೆಲ್ಲಕ್ಕೂ ಆರು ಅಂಕಿಗಳ ಒಂದೊಂದು ಸಂಖ್ಯೆ ಕೊಟ್ಟು, ಸರಕೊಂದಕ್ಕೆ ಮುಂಬಯಿಯಲ್ಲಿಯೂ ಹ್ಯಾಂಬರ್ಗಿನಲ್ಲಿಯೂ ಒಂದೇ ಹೆಸರು ಇರಬೇಕೆಂಬ ಉದ್ದೇಶ ಅದರದು. ಅಮೆರಿಕ ಇದನ್ನು 1989ರಲ್ಲಿ ಅಳವಡಿಸಿಕೊಂಡಿತು. ನಮ್ಮ ವೈದ್ಯಕೀಯದಲ್ಲಿ ರೋಗಗಳಿಗೆ ಅಂತರರಾಷ್ಟ್ರೀಯ ಸಂಖ್ಯೆಗಳಿವೆಯಲ್ಲ, ಹಾಗೆಯೇ ಇದು. ಸಂಖ್ಯೆ ಬಂದ ಮಾತ್ರಕ್ಕೆ ರೋಗನಿರ್ಣಯದ ಕಷ್ಟ ತಪ್ಪಲಿಲ್ಲ ಎಂಬುದೂ ಹಾಗೆಯೇ.

2003ರಲ್ಲಿ ಎಕ್ಸ್-ಮೆನ್ ಬೊಂಬೆಗಳು ಮನುಷ್ಯರೋ ಅಲ್ಲವೋ ಎಂಬುದನ್ನು ಆ ವ್ಯಾಪಾರ ನ್ಯಾಯಾಲಯ ನಿರ್ಣಯಿಸಬೇಕಾಯಿತು. ಮನುಷ್ಯರೂಪದ ‘ಬೊಂಬೆ’ಗೆ ಶೇಕಡಾ 12 ಸುಂಕ, ಇತರ ‘ಆಟಿಕೆ’ಗೆ 6.8. ಅವು ಮನುಷ್ಯರಲ್ಲವೆಂದು ತೀರ್ಮಾನವಾಯಿತು! 2018ರ ಇನ್ನೊಂದು ತೀರ್ಪನ್ನು ನಾನು ವೃತ್ತಿಯ ಕುತೂಹಲದಿಂದ ಎರಡು ಬಾರಿ ಓದಿದೆ. ಕಾಲಿನ ರಕ್ತನಾಳದ ತೊಂದರೆಯಿರುವವರಿಗೆ ನಾವು ಬರೆದುಕೊಡುವ ಬಿಗಿ ಕಾಲುಚೀಲಗಳನ್ನು ಸಿಗ್ವಾರಿಸ್ ಸಂಸ್ಥೆ ತರಿಸಿತ್ತು. ಅಂಗವಿಕಲರಿಗಾಗಿ ವಿಶೇಷವಾಗಿ ರಚಿಸಿದ ವಸ್ತುಗಳಿಗೆ ಸುಂಕವಿಲ್ಲ. 15ರಿಂದ 20 ಮಿಲಿಮೀಟರ್ ಒತ್ತಡದ ಕಾಲುಚೀಲ ಅಂಥದೇ? ನ್ಯಾಯಾಲಯ ಅಲ್ಲವೆಂದಿತು, ಅಂಥ ರೋಗಿಗಳಿಗೆಂದೇ, ಇತರರಿಂದ ಬೇರ್ಪಡಿಸಿ, ರಚಿಸಿದ್ದಲ್ಲ ಎಂಬುದು ಕಾರಣ. ದಿನವಿಡೀ ನಿಂತು ಕೆಲಸ ಮಾಡುವ ನಮ್ಮ ಆಸ್ಪತ್ರೆಯ ದಾದಿಯರು ಅವನ್ನೇ ಧರಿಸುವುದನ್ನು ನೋಡಿರುವ ನನಗೆ ತೀರ್ಪು ಒಪ್ಪಿಗೆಯಾಯಿತು.

ಈ ಮಧ್ಯೆ ಹೊಣೆಗಾರಿಕೆ ಒಂದು ಕೈಯಿಂದ ಇನ್ನೊಂದಕ್ಕೆ ಸದ್ದಿಲ್ಲದೆ ದಾಟಿದೆ. 1993ರ ಡಿಸೆಂಬರಿನ ಕಾಯಿದೆಯ ಪ್ರಕಾರ, ಸರಕಿನ ಹೆಸರು, ಬೆಲೆ, ಮೂಲದೇಶಗಳನ್ನು ‘ಯುಕ್ತ ಎಚ್ಚರಿಕೆ’ಯಿಂದ ಮೊದಲು ಹೇಳಬೇಕಾದವನು ತರಿಸಿಕೊಳ್ಳುವವನೇ. ಹಿಂದೆ ಅಧಿಕಾರಿ ಹೆಸರಿಡುತ್ತಿದ್ದ, ವರ್ತಕ ಜಗಳವಾಡುತ್ತಿದ್ದ. ಈಗ ವರ್ತಕನೇ ಹೆಸರಿಟ್ಟು ಅದಕ್ಕೆ ತಾನೇ ಕಟ್ಟುಬೀಳುತ್ತಾನೆ. ಇದು ಸುಧಾರಣೆಯೆಂದು ಹೊಗಳುವವರುಂಟು. ಕಾನೂನು ವಿಭಾಗವಿರುವ ದೊಡ್ಡ ಸಂಸ್ಥೆಗೆ ಹೌದೇನೋ. ಒಂದು ಪೆಟ್ಟಿಗೆ ತರಿಸುವ ಕನ್ನಡ ಸಂಘಕ್ಕೆ ಹಾಗೆನ್ನಲಾರೆ. ಆದರೂ ಕಾನೂನು ಸಣ್ಣವರ ಕೈಯನ್ನು ಪೂರ್ತಿಯಾಗಿ ಬಿಟ್ಟಿಲ್ಲ. 2001ರಲ್ಲಿ ಮೀಡ್ ಎಂಬ ಸಂಸ್ಥೆಯ ದಿನಚರಿ ಪುಸ್ತಕಗಳ ಮೊಕದ್ದಮೆಯಲ್ಲಿ, 46 ಕಚೇರಿಗಳಿಂದ ವರ್ಷಕ್ಕೆ ಹತ್ತು ಹದಿನೈದು ಸಾವಿರದಂತೆ ಹೊರಡುವ ಸುಂಕದ ಅಭಿಪ್ರಾಯಪತ್ರಗಳಿಗೆ ನ್ಯಾಯಾಲಯಗಳು ಕಣ್ಣುಮುಚ್ಚಿ ತಲೆಬಾಗಬೇಕಿಲ್ಲ, ಅವುಗಳ ತರ್ಕದಲ್ಲಿ ಎಷ್ಟು ಬಲವಿದೆಯೋ ಅಷ್ಟೇ ಗೌರವ ಸಾಕು, ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 2025ರ ಮೇ 28ರಂದು, ಅಧ್ಯಕ್ಷರು ತುರ್ತು ಅಧಿಕಾರದ ಕಾಯಿದೆಯನ್ನು ಬಳಸಿ ಹಲವು ದೇಶಗಳ ಮೇಲೆ ವಿಧಿಸಿದ್ದ ಸುಂಕಗಳು ಆ ಕಾಯಿದೆಗೆ ಮೀರಿದವೆಂದು ತೀರ್ಪಿತ್ತದ್ದೂ 1890ರ ಮಂಡಲಿಯ ವಂಶದ ಆ ವ್ಯಾಪಾರ ನ್ಯಾಯಾಲಯವೇ. ಫಿರ್ಯಾದಿಗಳಲ್ಲಿ ದ್ರಾಕ್ಷಾರಸ ತರಿಸುವ ಒಂದು ಸಣ್ಣ ಸಂಸ್ಥೆಯಿತ್ತು. ಮುಂದಿನ ಮೆಟ್ಟಿಲುಗಳನ್ನು ನೀವು ಪತ್ರಿಕೆಗಳಲ್ಲಿ ಓದಿರುವಿರಿ. ಇಲ್ಲಿ ಮೊದಲ ಮೆಟ್ಟಿಲನ್ನು ಮಾತ್ರ ಹೇಳಿದೆ.

ನಮ್ಮ ಮನೆಗಳಿಗೆ ಹತ್ತಿರದ ಒಂದು ಮಾತು. 2016ರಿಂದ 800 ಡಾಲರುಗಳವರೆಗಿನ ಪೊಟ್ಟಣಗಳು ಸುಂಕವಿಲ್ಲದೆ ಬರುತ್ತಿದ್ದುವು. ಊರಿನಿಂದ ಬರುವ ಸೀರೆ, ಪುಸ್ತಕಗಳ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. 2025ರ ಆಗಸ್ಟ್ 29ರಿಂದ ಆ ವಿನಾಯಿತಿಯನ್ನು ಎಲ್ಲ ದೇಶಗಳಿಗೂ ನಿಲ್ಲಿಸಲಾಯಿತು. ಅಂದಿನಿಂದ ಅಜ್ಜಿ ಕಳುಹಿಸಿದ ಪೊಟ್ಟಣದ ಮೇಲೂ ವಸ್ತುವಿನ ಸರಿಯಾದ ಹೆಸರು ಬರೆಯಬೇಕಾದ ಅಗತ್ಯ ಬಂದೊದಗಿತು.

ಇನ್ನು ನಮ್ಮ ಪೆಟ್ಟಿಗೆ. ‘ಕೃತಕ ಒಡವೆ’ ಎಂಬ ಶೀರ್ಷಿಕೆಗೆ ಅನ್ವಯಿಸುವ ಟಿಪ್ಪಣಿಯನ್ನು ಓದಿದೆ. ಅದು ಹೇಳುವುದು ಮೈಮೇಲೆ ಅಲಂಕಾರಕ್ಕಾಗಿ ಧರಿಸುವ ‘ಸಣ್ಣ ವಸ್ತು’ಗಳನ್ನು: ಉಂಗುರ, ಬಳೆ, ಸರ, ಪದಕ ಮುಂತಾದವು. ಬಣ್ಣದ ವೇಷದ ಕಿರೀಟವನ್ನು ಹತ್ತಿರದಿಂದ ನೋಡಿದ ಯಾರೂ ಅದನ್ನು ಸಣ್ಣ ವಸ್ತುವೆಂದು ಕರೆಯಲಾರರು. ಮದುವೆಗೆ ಭುಜಕೀರ್ತಿ ಧರಿಸಿ ಹೋಗುವವರನ್ನೂ ನಾನು ಕಂಡಿಲ್ಲ. ಅದು ಒಡವೆಯಲ್ಲ, ಕೆತ್ತಿದ ಮರದ ರಂಗಸಾಮಗ್ರಿ. ನಾನು ನಿಘಂಟು ನೋಡಿ ಬರೆದೆ. ಮೇಳದವರ ಭಾಷೆಯಲ್ಲಿ ಆ ಪದಕ್ಕೆ ಏನು ಅರ್ಥವೆಂಬುದನ್ನು ವಿವರಿಸಿ ಬರೆಯಬೇಕಾಗಿತ್ತು. ಕೋಶಾಧ್ಯಕ್ಷರು ಕಟ್ಟಿದ ಹಣವೂ ಇನ್ನೂ ಕೈಬಿಟ್ಟಿಲ್ಲ. ಸರಕಾರ ಲೆಕ್ಕವನ್ನು ಅಂತಿಮಗೊಳಿಸಿದ ದಿನದಿಂದ 180 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. 2004ಕ್ಕೆ ಮುಂಚೆ ಈ ಅವಧಿ 90 ದಿನಗಳಾಗಿತ್ತು. ಎಲಿಯಟ್‌ನ ಶಾಲುಗಳ ಕಾಲದಿಂದ ಬಂದ ಆ ‘ಪ್ರೊಟೆಸ್ಟ್’ ಇದೇ. ನಮಗೆ ಉಳಿದಿರುವುದು ಇನ್ನು ಐದು ವಾರ.

ಅರ್ಜಿಯ ಕರಡನ್ನು ಸಿದ್ಧಪಡಿಸಿದ್ದೇನೆ, ಕಿರೀಟ ಭುಜಕೀರ್ತಿಗಳನ್ನು ಅಳೆದು ಚಿತ್ರ ತೆಗೆಸಿದ್ದೇನೆ. ಬೇಕಾಗಿರುವುದು ಸಾಕ್ಷಿ. ನಮ್ಮ ಸಂಘದಲ್ಲಿಯೇ ಊರಿನಲ್ಲಿ ವೇಷ ಕಟ್ಟಿ ಕುಣಿದವರು, ಚೌಕಿಯಲ್ಲಿ ವೇಷ ಕಟ್ಟಿಸಿದವರು ಕೆಲವರಿದ್ದಾರೆಂದು ಬಲ್ಲೆ. ಈ ವಸ್ತುಗಳನ್ನು ಯಾವುದರಿಂದ ಮಾಡುತ್ತಾರೆ, ಹೇಗೆ ಕಟ್ಟುತ್ತಾರೆ, ರಂಗದ ಹೊರಗೆ ಅವುಗಳಿಂದ ಏನಾದರೂ ಉಪಯೋಗವುಂಟೆ ಎಂಬುದನ್ನು ಒಂದು ಪುಟದಲ್ಲಿ ಬರೆದು, ಸಹಿ ಹಾಕಿ, ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯೊಳಗೆ ನನಗೆ ತಲುಪಿಸಬೇಕೆಂದು ಕೋರುತ್ತೇನೆ. ನಿಕ್ಸ್‌ನ ಕಡೆ ಇಬ್ಬರಿದ್ದರು. ನಮಗೆ ಮೂವರಾದರೂ ಸಿಕ್ಕಿಯಾರು.